ಕರ್ತೃಪದ ಕಾಣೆಯಾಗಿದೆ

ಪ್ರಿಯ ಲೇಖಕರೇ,

ಕಾಂಬೋಡಿಯದ ಖ್ಮೆರ್ ಕಲೆಯ ಇತಿಹಾಸವನ್ನು ಕುರಿತ ನಿಮ್ಮ ಲೇಖನವನ್ನು ಎರಡು ಬಾರಿ ಓದಿದೆ. ಶ್ರಮಪಟ್ಟು ಬರೆದಿದ್ದೀರಿ, ಅರಸರ ಅನುಕ್ರಮ ತಪ್ಪಿಲ್ಲ, ಭಾಷೆಯೂ ಶುದ್ಧವಾಗಿದೆ. ದೇವಾಲಯಗಳ ಭಾಗದ ಬಗ್ಗೆ ಈಗ ಏನನ್ನೂ ಹೇಳುವುದಿಲ್ಲ. ಆದರೆ ನೃತ್ಯದ ಪುಟದಲ್ಲಿರುವ ಎರಡು ವಾಕ್ಯಗಳು ನನ್ನನ್ನು ಎಷ್ಟು ಕೆರಳಿಸಿದವೆಂದರೆ, ಎಂದಿನಂತೆ ‘ವಿಷಾದದಿಂದ ಮರಳಿಸುತ್ತಿದ್ದೇವೆ’ ಎಂಬ ಒಕ್ಕಣೆಯ ಕಾಗದ ಕಳಿಸಿ ಸುಮ್ಮನಾಗಲು ಮನಸ್ಸಾಗಲಿಲ್ಲ.

ಮೊದಲನೆಯದು: ‘ಅಂಗ್ಕೋರ್ ವಾಟ್‌ನ ಭಿತ್ತಿಗಳಲ್ಲಿ ನರ್ತಿಸುವ ಅಪ್ಸರೆಯರು ಕಲ್ಲಿನಿಂದ ಇಳಿದುಬಂದು, ಒಂಬೈನೂರು ವರ್ಷಗಳಿಂದ ಅದೇ ಹೆಜ್ಜೆಯನ್ನು ಹಾಕುತ್ತಲೇ ಇದ್ದಾರೆ.’

‘ನರ್ತಿಸುವ’ ಎಂದಿರಿ. ಎರಡನೆಯ ಸೂರ್ಯವರ್ಮನ ಆ ದೇಗುಲದ ಗೋಡೆಗಳಲ್ಲಿ ಸಾವಿರಕ್ಕೂ ಹೆಚ್ಚು ಸ್ತ್ರೀಯರಿದ್ದಾರೆ. ಬಹುಪಾಲು ಎಲ್ಲರೂ ಸುಮ್ಮನೆ ನಿಂತವರು, ಕೈಯಲ್ಲೊಂದು ಹೂವು, ತಲೆಯ ಮೇಲೆ ಒಬ್ಬರಿಗಿಂತ ಒಬ್ಬರದು ಬೇರೆಯಾದ ಕಿರೀಟ ಅಥವಾ ಜಡೆ. ಇವರನ್ನು ವಿದ್ವಾಂಸರು ದೇವತೆಯರೆಂದು ಬೇರೆಯಾಗಿಯೇ ಗುರುತಿಸುತ್ತಾರೆ. ಮಂಡಿ ಬಾಗಿಸಿ ಕಮಲದ ಮೇಲೆ ಕುಣಿಯುವವರನ್ನು ಮನದಣಿಯೆ ನೋಡಬೇಕಾದರೆ ಏಳನೆಯ ಜಯವರ್ಮನ ದೇಗುಲವಾದ ಬಾಯೊನ್‌ನ ಕಂಬಗಳ ಬಳಿಗೆ ಹೋಗಬೇಕು. ‘ಇಳಿದುಬಂದು’ ಎಂದಿರಿ. ಯಾರೂ ಇಳಿದುಬರಲಿಲ್ಲ. ಅಂಗ್ಕೋರ್ ಬಳಿಯ ಸಿಯೆಮ್ ರೀಪ್‌ನಲ್ಲಿ ಊಟ ಮಾಡುತ್ತ ನೀವು ನೋಡಿದ ಅಪ್ಸರಾ ನೃತ್ಯವನ್ನು ಕಳೆದ ಶತಮಾನದ ಮಧ್ಯಭಾಗದಲ್ಲಿ ರಾಣಿ ಸಿಸೊವಾತ್ ಕೊಸ್ಸಮಕ್ ರಾಜಧಾನಿ ನೊಮ್ ಪೆನ್‌ನ ಅರಮನೆಯಲ್ಲಿ, ಆ ಶಿಲ್ಪಗಳ ಉಡುಗೆ-ಕಿರೀಟಗಳನ್ನು ಮಾದರಿಯಾಗಿಟ್ಟುಕೊಂಡು ರೂಪಿಸಿದರು. ಅದರ ಪ್ರಧಾನ ಅಪ್ಸರೆಯಾಗಿ ಹೆಸರಾದವರು ಅವರ ಮೊಮ್ಮಗಳು ನೊರೊಡೊಮ್ ಬೊಪ್ಪಾ ದೇವಿ. ‘ಅದೇ ಹೆಜ್ಜೆ’ ಎಂದಿರಿ. ಅರಮನೆಯ ನೃತ್ಯಪರಂಪರೆ ಇದಕ್ಕಿಂತ ಬಹಳ ಹಳೆಯದು, ನಿಜ. 1906ರಲ್ಲಿ ದೊರೆ ಸಿಸೊವಾತ್‌ನ ಜೊತೆ ಆ ನರ್ತಕಿಯರು ಫ್ರಾನ್ಸಿಗೆ ಹೋದಾಗ, ಶಿಲ್ಪಿ ರೊಡಾನ್ ಅವರ ಬೆನ್ನುಹತ್ತಿ ಮಾರ್ಸೇಯವರೆಗೆ ಹೋಗಿ ಚಿತ್ರ ಬರೆದುಕೊಂಡ. ಆದರೆ ಹಳೆಯ ಪರಂಪರೆಯಿಂದ ಹೊಸದೊಂದನ್ನು ಕಟ್ಟಿದ ಹೆಂಗಸಿನ ಕೆಲಸವನ್ನು ಕಲ್ಲಿನ ಲೆಕ್ಕಕ್ಕೆ ಬರೆಯುವುದು ನ್ಯಾಯವೇ?

ನನಗೂ ಈ ಚಾಳಿಯಿತ್ತು. ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದ ಮೊದಲ ವರ್ಷ, ಬೇಲೂರಿನ ಮೇಲೆ ಬರೆದ ಲೇಖನವನ್ನು ಹಿರಿಯರೊಬ್ಬರ ಮುಂದಿಟ್ಟೆ. ‘ಅನಾಮಿಕ ಶಿಲ್ಪಿಯ ಉಳಿಯಲ್ಲಿ ಕಲ್ಲು ಅರಳಿತು’ ಎಂಬುದು ಅದರಲ್ಲಿ ನನಗೆ ಅತ್ಯಂತ ಪ್ರಿಯವಾದ ಸಾಲು. ಅವರು ಕೆಂಪು ಪೆನ್ಸಿಲಿನಿಂದ ‘ಅನಾಮಿಕ’ದ ಸುತ್ತ ಒಂದು ಸೊನ್ನೆ ಸುತ್ತಿ, ಮಾತಿಲ್ಲದೆ ಕಪಾಟಿನಿಂದ ಶಾಸನಗಳ ಸಂಪುಟವನ್ನು ತೆಗೆದುಕೊಟ್ಟರು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕಡೆದ ಶಿಲ್ಪದ ಕೆಳಗೇ ಹೆಸರು ಬರೆದಿದ್ದರು. ನಾನು ಬೇಲೂರಿಗೆ ಹೋಗಿಬಂದಿದ್ದೆ, ಮುಖಗಳನ್ನು ನೋಡಿದ್ದೆ, ಪೀಠವನ್ನು ನೋಡಿರಲಿಲ್ಲ. ಆ ಸಂಜೆ ಚಹಾ ಕುಡಿಯಲೂ ಅವರೆದುರಿಗೆ ಹೋಗಲಿಲ್ಲ.

ಈಗ ನಿಮ್ಮ ಎರಡನೆಯ ವಾಕ್ಯ: ‘ಕಾಲನ ಹೊಡೆತಕ್ಕೆ ಸಿಕ್ಕಿ ನಲುಗಿದ ಈ ಕಲೆಯು ಮತ್ತೆ ಚಿಗುರೊಡೆಯಿತು.’

ಕಾಲ ಹೊಡೆಯಲಿಲ್ಲ. 1975ರ ಏಪ್ರಿಲ್ 17ರಂದು ಕಮ್ಯುನಿಸ್ಟರಾದ ಖ್ಮೆರ್ ರೂಜ್ ಪಡೆಗಳು ನೊಮ್ ಪೆನ್ ನಗರವನ್ನು ಹಿಡಿದು, ಜನರನ್ನು ಹೊಲಗದ್ದೆಗಳಿಗೆ ಅಟ್ಟಿದವು. 1979ರ ಜನವರಿಯಲ್ಲಿ ಆ ಆಡಳಿತ ಬೀಳುವಷ್ಟರಲ್ಲಿ ಅರಮನೆಯ ನರ್ತಕಿಯರು, ವಾದಕರು, ಗುರುಗಳ ಪೈಕಿ ಬಹುಪಾಲು ಜನ ಹಸಿವಿನಿಂದಲೋ ದುಡಿತದಿಂದಲೋ ಕೊಲೆಯಿಂದಲೋ ಸತ್ತಿದ್ದರು. ಉಳಿದವರಲ್ಲಿ ಚಿಯಾ ಸಾಮಿ ಒಬ್ಬರು. ಚಿಕ್ಕಂದಿನಲ್ಲೇ ಅರಮನೆ ಸೇರಿ ನೃತ್ಯ ಕಲಿತ ಈಕೆಯ ಗಂಡ, ಖ್ಮೆರ್ ರೂಜ್ ನಾಯಕ ಪೊಲ್ ಪಾಟ್‌ನ ಅಣ್ಣ. ಹುಡುಗನಾಗಿದ್ದಾಗ ಪೊಲ್ ಪಾಟ್ ಇವರ ಮನೆಯಲ್ಲೇ ಇದ್ದು ಓದಿದವನು. ಅಂಥ ಮೈದುನನ ಆಳ್ವಿಕೆಯನ್ನು ಬದುಕಿ ದಾಟಿದ ಅತ್ತಿಗೆ, ಆಮೇಲೆ ನೊಮ್ ಪೆನ್‌ನಲ್ಲಿ ಮತ್ತೆ ತೆರೆದ ಲಲಿತಕಲಾ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದರು.

ಹಾಗಾಗಿ ‘ಚಿಗುರೊಡೆಯಿತು’ ಎಂಬುದನ್ನೂ ನಾನು ಒಪ್ಪಲಾರೆ. ಆ ನೃತ್ಯದಲ್ಲಿ ಕೈಯ ಒಂದು ಭಂಗಿ ಎಲೆ, ಇನ್ನೊಂದು ಹೂವು, ಮತ್ತೊಂದು ಹಣ್ಣು. ಬೆರಳು ಹಿಂದಕ್ಕೆ ಬಿಲ್ಲಿನಂತೆ ಮಣಿಯದೆ ಅದಾವುದೂ ಕೂಡಿಬರುವುದಿಲ್ಲ. ಆ ಮಣಿತಕ್ಕಾಗಿ ಆರೇಳು ವರ್ಷದ ಮಕ್ಕಳ ಬೆರಳುಗಳನ್ನು ದಿನವೂ ಹಿಂದಕ್ಕೆ ಒತ್ತಬೇಕು. ಬದುಕುಳಿದ ಕೆಲವೇ ಹೆಂಗಸರು, ನಿನ್ನೆ ಮೊನ್ನೆಯವರೆಗೆ ಗದ್ದೆಯ ಕೆಸರಿನಲ್ಲಿದ್ದ ತಮ್ಮ ಕೈಗಳಿಂದ, ಮೈಯಲ್ಲಿ ಉಳಿದಿದ್ದ ನೆನಪನ್ನು ಒಬ್ಬರಿಗೊಬ್ಬರು ಜೋಡಿಸಿಕೊಳ್ಳುತ್ತ, ಹೀಗೆ ಒತ್ತಿದರು. ಯುನೆಸ್ಕೋ 2003ರಲ್ಲಿ ಗೌರವಿಸಿದ್ದು ಈ ದುಡಿಮೆಯನ್ನು. ಆ ವರ್ಷವನ್ನು ನೀವು ನಮೂದಿಸಿದ್ದೀರಿ, ದುಡಿದವರನ್ನು ಬಿಟ್ಟಿದ್ದೀರಿ.

ಇಷ್ಟು ಬೈದು ಇದನ್ನು ಹೇಳದಿದ್ದರೆ ತಪ್ಪಾದೀತು. ಕೊನೆಯ ಪುಟದ ಅಂಚಿನಲ್ಲಿ, ಬರೆದು ಹೊಡೆದುಹಾಕಿದ ಒಂದು ಸಾಲಿದೆ: ಪ್ರದರ್ಶನಕ್ಕೆ ಮುಂಚೆ ಪರದೆಯ ಹಿಂದೆ ವಯಸ್ಸಾದ ಹೆಂಗಸೊಬ್ಬರು ಸೂಜಿ-ದಾರ ಹಿಡಿದು, ನರ್ತಕಿಯ ಮೈಮೇಲೆಯೇ ಕುಪ್ಪಸವನ್ನು ಹೊಲಿಯುತ್ತಿದ್ದರು, ದಾರವನ್ನು ಹಲ್ಲಿನಿಂದ ಕಡಿದರು. ಅದನ್ನೇಕೆ ಹೊಡೆದುಹಾಕಿದಿರಿ? ಅವರನ್ನು ಮಾತನಾಡಿಸಿದ್ದಿರಾ, 1975ರಲ್ಲಿ ಎಲ್ಲಿದ್ದರೆಂದು ಕೇಳಿದ್ದಿರಾ? ಕೇಳಿದ್ದರೆ ಲೇಖನವನ್ನು ಅಲ್ಲಿಂದ ಆರಂಭಿಸಿ, ಅರಸರ ಪಟ್ಟಿಯನ್ನು ಅರ್ಧಕ್ಕೆ ಇಳಿಸಿ, ತಿಂಗಳೊಳಗೆ ಕಳಿಸಿಕೊಡಿ. ಕೇಳಿರದಿದ್ದರೆ ಕಂಡಷ್ಟನ್ನೇ ಬರೆಯಿರಿ. ಆ ಸಾಲನ್ನಂತೂ ಮತ್ತೆ ಹೊಡೆಯಬೇಡಿ.

ಇಂತು,
ಸಂಪಾದಕ