ಗಾಯ ಮಾಯ್ದಿದೆ, ಉರಿ ಹೋಗಿಲ್ಲ

ಪ್ರಶ್ನೆ: ಹಿಂದೊಮ್ಮೆ ಅಡಿಕೆ ಸುಲಿಯುವಾಗ ಮೆಟ್ಟುಗತ್ತಿ ತಾಗಿ ಎಡ ಹೆಬ್ಬೆರಳ ಬುಡ ಸೀಳಿತ್ತು. ಹೊಲಿಗೆ ಹಾಕಿಸಿದೆ, ಗಾಯ ಮಾಯ್ದು ವರ್ಷ ಕಳೆಯಿತು. ಈಗಲೂ ಸೆರಗು ತಾಗಿದರೆ ಸಾಕು, ಉರಿ. ಎಕ್ಸ್‌ರೇ ಸರಿ ಇದೆ. ಮನೆಯಲ್ಲಿ ‘ಎಲ್ಲ ನಿನ್ನ ಮನಸ್ಸಿನದು’ ಅನ್ನುತ್ತಾರೆ. ಅಮ್ಮನಿಗೂ ರಾತ್ರಿ ಅಂಗಾಲು ಉರಿ. ಇದು ವಂಶದಲ್ಲೇ ಬಂದಿದ್ದಾ ಡಾಕ್ಟರೇ?
– ಓದುಗರೊಬ್ಬರು, ಶಿರಸಿ ತಾಲೂಕು

ಉತ್ತರ: ಮನಸ್ಸಿನದಲ್ಲ ತಾಯಿ, ನರದ್ದು. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ನರ ಕಾಣುವುದಿಲ್ಲ. ಮನೆಯವರಿಗೆ ಇಷ್ಟು ಓದಿ ಹೇಳಿ.

ಸುಲಿತದ ಕಾಲ ಬಂತೆಂದರೆ ಇಂಥ ಕೈಗಳು ನನ್ನ ಮೇಜಿನ ಮುಂದೆ ಬರುತ್ತಲೇ ಇರುತ್ತವೆ. ಹೆಬ್ಬೆರಳ ಬುಡದಲ್ಲಿ ಚರ್ಮದ ನರಗಳು ತೀರಾ ಮೇಲೆಯೇ ಹಾದುಹೋಗುತ್ತವೆ. ಕಡಿದ ನರ ಮತ್ತೆ ಚಿಗುರುವಾಗ ದಾರಿ ತಪ್ಪಿ ಗಂಟು ಕಟ್ಟಿಕೊಳ್ಳುವುದುಂಟು. ಆ ಗಂಟಿನಲ್ಲಿ ಸೋಡಿಯಂ ಚಾನೆಲ್ ಎಂಬ ಪ್ರೋಟೀನುಗಳು ಅತಿಯಾಗಿ ಸೇರುತ್ತವೆ. ಅವುಗಳ ಮೂಲಕ ಸೋಡಿಯಂ ಒಳನುಗ್ಗಿದಾಗಲೇ ನರದಲ್ಲಿ ಸಂಕೇತ ಹುಟ್ಟುವುದು. ಹಾಗಾಗಿ ಯಾರೂ ಮುಟ್ಟದಿದ್ದರೂ ಅಲ್ಲಿಂದ ಸಂಕೇತ ಹೊರಡುತ್ತದೆ. ಕಲೆಯ ಮೇಲೆ ಬೆರಳಲ್ಲಿ ಮೆಲ್ಲಗೆ ತಟ್ಟಿ ನೋಡಿ. ಒಂದೇ ಜಾಗದಿಂದ ಕರೆಂಟು ಹೊಡೆದ ಹಾಗೆ ಹರಿದರೆ ಗಂಟು ಅಲ್ಲೇ ಇರಬಹುದು.

ಸೆರಗು ತಾಗಿದರೂ ಉರಿಯುವುದು ಬೆನ್ನುಹುರಿಯ ಕೆಲಸ. ಅಲ್ಲಿನ ಕೋಶಗಳಲ್ಲಿ ಎನ್‌ಎಂಡಿಎ ಎಂಬ ಗ್ರಾಹಕವಿದೆ, ಅಂದರೆ ಸಂಕೇತ ಹಿಡಿದು ತೆರೆಯುವ ಬಾಗಿಲಿನಂಥ ಪ್ರೋಟೀನು. ಮಾಮೂಲಿಗೆ ಮೆಗ್ನೀಸಿಯಂ ಅದಕ್ಕೆ ಬಿರಡೆಯ ಹಾಗೆ ಕೂತಿರುತ್ತದೆ. ನೋವಿನ ಸಂಕೇತ ಬಿಡದೆ ಬಂದರೆ ಬಿರಡೆ ಕಳಚಿ ಕ್ಯಾಲ್ಸಿಯಂ ಒಳಗೆ ಬರುತ್ತದೆ. ಆಮೇಲೆ ಆ ಕೋಶ ಬರೀ ಸ್ಪರ್ಶವನ್ನೂ ನೋವೆಂದೇ ಮಿದುಳಿಗೆ ದಾಟಿಸುತ್ತದೆ. ಗಾಯದ ನಂತರ ಬೆನ್ನುಹುರಿಯೇ ಹೀಗೆ ಚುರುಕಾಗುವುದನ್ನು ನೋವಿನ ಸಂಶೋಧಕ ಕ್ಲಿಫರ್ಡ್ ವೂಲ್ಫ್ 1983ರಲ್ಲಿ ಇಲಿಗಳಲ್ಲಿ ತೋರಿಸಿದರು.

ಇನ್ನು ವಂಶ. ಅದೇ ಸೋಡಿಯಂ ಚಾನೆಲ್‌ಗಳಲ್ಲಿ ಒಂದನ್ನು ಮಾಡುವ ಜೀನ್ ಎಸ್‌ಸಿಎನ್9ಎ. ಅದು ಪೂರ್ತಿ ಕೆಟ್ಟು, ನೋವೇ ತಿಳಿಯದ ಮಕ್ಕಳ ವರದಿ 2006ರಲ್ಲಿ ಉತ್ತರ ಪಾಕಿಸ್ತಾನದ ಕುಟುಂಬಗಳಿಂದ ಬಂತು. ತುಟಿ, ನಾಲಿಗೆ ಕಚ್ಚಿ ಗಾಯ ಮಾಡಿಕೊಂಡ ಮಕ್ಕಳು! ಅದೇ ಜೀನ್ ಅತಿಯಾಗಿ ಕೆಲಸ ಮಾಡಿದರೆ ಕೈಕಾಲು ಕೆಂಪಾಗಿ ಉರಿಯುತ್ತದೆ. ಎರಡೂ ತೀರಾ ಅಪರೂಪ. ನಮ್ಮ ನಿಮ್ಮಂಥವರ ನೋವಿನಲ್ಲಿ ಹಲವು ಜೀನುಗಳದ್ದು ಚೂರುಚೂರು ಪಾಲು, ಅಷ್ಟೇ.

ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗಬೇಡಿ. ಇಂಥ ಉರಿಗೆ ಅದು ನಾಟುವುದು ಕಡಿಮೆ, ಮೂತ್ರಪಿಂಡಕ್ಕೆ ಪೆಟ್ಟು. ಗ್ಯಾಬಾಪೆಂಟಿನ್, ಅಮಿಟ್ರಿಪ್ಟಿಲಿನ್‌ನಂಥ ನರದ ಔಷಧ ಬೇರೆಯೇ ಇವೆ, ವೈದ್ಯರು ನೋಡಿಯೇ ಕೊಡಬೇಕು. ಅಮ್ಮನಿಗೆ ಮೊದಲು ಸಕ್ಕರೆ ಮತ್ತು ಬಿ12 ಪರೀಕ್ಷೆ ಮಾಡಿಸಿ. ಅವರ ಅಂಗಾಲಿಗೂ ನಿಮ್ಮ ಹೆಬ್ಬೆರಳಿಗೂ ಸಂಬಂಧವೇ ಇರಲಿಕ್ಕಿಲ್ಲ.