ಪೀಣ್ಯದ ಆ ಮಾಲೀಕರಿಗೆ ಜಾಸ್ತಿ ಜಾಗ ಕೊಡಿ

ನಮಸ್ಕಾರ.

ನೀವು ಕಳಿಸಿದ ‘ಉದ್ಯಮಶೀಲತೆ ಮತ್ತು ಸಣ್ಣ ಕಾರ್ಖಾನೆಗಳ ಯಶಸ್ಸು’ ಲೇಖನ ಓದಿದೆ. ಈಗಿರುವಂತೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ಅದರೊಳಗೆ ಒಳ್ಳೆಯ ಲೇಖನವೊಂದು ಇದೆ.

ಹೊಸತನ, ರಿಸ್ಕ್ ತೆಗೆದುಕೊಳ್ಳುವ ಧೈರ್ಯ, ಎಲ್ಲರಿಗಿಂತ ಮೊದಲೇ ಮುನ್ನುಗ್ಗುವ ಗುಣ ಇದ್ದರೆ ಕಾರ್ಖಾನೆ ಬೆಳೆದೇ ಬೆಳೆಯುತ್ತದೆ ಎಂದಿದ್ದೀರಿ. ಈ ಮೂರನ್ನೂ 1983ರಲ್ಲೇ ಒಟ್ಟಿಗೆ ಇಟ್ಟು ನೋಡಿದವರು ಉದ್ಯಮಗಳ ಸಂಶೋಧಕ ಡ್ಯಾನಿ ಮಿಲ್ಲರ್. ಅವರ ಹೆಸರು ಸೇರಿಸಿ. ಆದರೆ ‘ಬೆಳೆದೇ ಬೆಳೆಯುತ್ತದೆ’ ಅನ್ನುವುದು ಜಾಸ್ತಿ ಆಯ್ತು. 2009ರಲ್ಲಿ ರೌಚ್ ಮತ್ತು ಸಂಗಡಿಗರು 51 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಈ ಗುಣಗಳಿಗೂ ಕಾರ್ಖಾನೆಯ ಯಶಸ್ಸಿಗೂ ಸಿಕ್ಕ ಸಹಸಂಬಂಧ ಸುಮಾರು 0.24 (ನಂಟೇ ಇಲ್ಲದಿದ್ದರೆ 0, ಪೂರ್ತಿ ಇದ್ದರೆ 1). ನಂಟು ಇದೆ, ಗ್ಯಾರಂಟಿ ಇಲ್ಲ. ಕೋವಿನ್ ಮತ್ತು ಸ್ಲೆವಿನ್ 1989ರಲ್ಲಿ 161 ಸಣ್ಣ ತಯಾರಿಕಾ ಘಟಕಗಳನ್ನು ನೋಡಿದ್ದರು. ಪರಿಸ್ಥಿತಿ ಬಿಗಿಯಾಗಿದ್ದ ಕಡೆ ಸಾಹಸ ಕೈಹಿಡಿದಿತ್ತು. ಮಾರುಕಟ್ಟೆ ಅನುಕೂಲವಾಗಿದ್ದ ಕಡೆ ಹುಷಾರಾಗಿ ನಡೆದವರೇ ಚೆನ್ನಾಗಿದ್ದರು.

ನೀವು ಮಾತಾಡಿಸಿದವರೆಲ್ಲ ಇವತ್ತಿಗೂ ಘಟಕ ನಡೆಸುತ್ತಿರುವವರು. ಸಾಹಸ ಮಾಡಿ ಶೆಡ್ಡಿಗೆ ಬೀಗ ಹಾಕಿದವರು ಒಬ್ಬರೂ ಇಲ್ಲ. ಇದು ದೊಡ್ಡ ಕೊರತೆ.

ಈಗ ಆರನೇ ಪುಟಕ್ಕೆ ಬನ್ನಿ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಜಾಬ್ ವರ್ಕ್ (ಬೇರೆ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಕೆಲಸ) ಮಾಡುತ್ತಿದ್ದವರೊಬ್ಬರು ಒಂದೇ ಕಂಪನಿಯ ಆರ್ಡರ್ ನಂಬಿ, ಸಾಲ ಮಾಡಿ ಕಂಪ್ಯೂಟರ್ ಪ್ರೋಗ್ರಾಂನಿಂದ ನಡೆಯುವ ಸಿಎನ್‌ಸಿ ಯಂತ್ರ ತಂದರು. ಇದನ್ನು ಮೂರೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಲ್ಲ! ಲೇಖನ ಇರುವುದೇ ಅಲ್ಲಿ. ಬ್ಯಾಂಕಿಗೆ ಏನು ಅಡ ಇಟ್ಟರು? ಲೋಹ ಕಡೆಯುವ ಹಳೇ ಲೇತ್ ಯಂತ್ರ ಮಾರಿದರಾ, ಇಟ್ಟುಕೊಂಡರಾ? ಅದರ ಮುಂದೆ ನಿಂತು ಕೆಲಸ ಮಾಡುತ್ತಿದ್ದವರು ಪ್ರೋಗ್ರಾಂ ಕಲಿತರಾ? ಮೊದಲ ಲಾಟ್‌ನಲ್ಲಿ ಎಷ್ಟು ಪೀಸ್ ರಿಜೆಕ್ಟ್ ಆದವು? ದುಡ್ಡು ಕೈಗೆ ಬಂದದ್ದು ಯಾವಾಗ? 2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆ ಪ್ರಕಾರ ಸಣ್ಣ ಘಟಕಗಳ ಬಿಲ್ಲನ್ನು 45 ದಿನಕ್ಕಿಂತ ಜಾಸ್ತಿ ತಡೆಹಿಡಿಯುವಂತಿಲ್ಲ. ಆದರೆ ಇರುವ ಒಬ್ಬನೇ ಗಿರಾಕಿಯ ಮೇಲೆ ದೂರು ಕೊಟ್ಟು ಮುಂದಿನ ಆರ್ಡರ್ ಕಳೆದುಕೊಳ್ಳಲು ಯಾರಿಗೆ ಧೈರ್ಯ ಬರುತ್ತದೆ? ಪೇಮೆಂಟ್ ಬರದಿದ್ದರೂ ಸಾಲದ ಕಂತು ನಿಲ್ಲುವುದಿಲ್ಲ. ಸಣ್ಣ ಕಾರ್ಖಾನೆಯಲ್ಲಿ ರಿಸ್ಕ್ ಅಂದರೆ ಇದೇ ಅಲ್ವಾ? ಮಾಲೀಕರ ಸ್ವಭಾವ ಒಂದನ್ನೇ ಬರೆದರೆ ಇದ್ಯಾವುದೂ ಓದುಗರಿಗೆ ಕಾಣುವುದಿಲ್ಲ.

ಯಶಸ್ಸು ಅಂತ ಸುಮ್ನೆ ಬರೆಯುತ್ತಾ ಹೋಗಬೇಡಿ. ಲಾಭವೋ, ವಹಿವಾಟೋ, ಕೆಲಸಗಾರರ ಸಂಖ್ಯೆಯೋ, ಯಾವುದನ್ನು ಅಳೆದಿರಿ ಅಂತ ಹೇಳಿ.

ಆ ಮಾಲೀಕರ ಹತ್ತಿರ ಮತ್ತೆ ಹೋಗಿ. ಒಪ್ಪಿದರೆ ಬಿಲ್ ಕೊಟ್ಟ ತಾರೀಕು, ದುಡ್ಡು ಬಂದ ತಾರೀಕು ಬರೆದುಕೊಳ್ಳಿ. ಹಳೇ ಲೇತ್‌ನಲ್ಲೇ ಮುಂದುವರಿದ ಒಬ್ಬರನ್ನೂ, ಘಟಕ ಮುಚ್ಚಿದ ಒಬ್ಬರನ್ನೂ ಮಾತಾಡಿಸಿ. ಮೊದಲ ನಾಲ್ಕು ಪುಟಗಳನ್ನು ಒಂದಕ್ಕೆ ಇಳಿಸಿ. ಮುಗಿದ ಮೇಲೆ ನೇರವಾಗಿ ನನಗೇ ಕಳಿಸಿ. ಓದಲು ಕಾಯುತ್ತಿರುತ್ತೇನೆ.

— ಸಂಪಾದಕ