‘ಪೀಚ್ ಹಣ್ಣಿನ ಹುಡುಗಿ’ ಚಿತ್ರದಲ್ಲಿ ಏನು ನೋಡಬೇಕು?

ಸಾಗರದ ನೆಂಟರ ಮನೆ ಜಗಲಿಯಲ್ಲಿ ಈ ಚಿತ್ರದ ಪ್ರಿಂಟ್ ನೋಡಿದೆ, ಹುಡುಗಿ ಸುಮ್ನೆ ಕೂತಿದ್ದಾಳೆ, ಅರ್ಥ ಏನು ಎಂದು ಕೇಳಿದ್ದೀರಿ.

ಸುಮ್ನೆ ಎಲ್ಲಿ ಕೂತಾಳು, ಕೂರಿಸಿದ್ದು! ರಷ್ಯಾದ ವ್ಯಾಲೆಂಟಿನ್ ಸೆರೋವ್ 1887ರಲ್ಲಿ ಬರೆದ ಚಿತ್ರ ಇದು. ಅವನಿಗೆ ಆಗ 22 ವರ್ಷ, ಹುಡುಗಿ ವೇರಾ ಮಾಮೊಂತೊವಾಗೆ 11. ಪಾಪ, ತಿಂಗಳಿಗೂ ಜಾಸ್ತಿ ಕಾಲ ಕೂರಬೇಕಾಯಿತು.

ಮೊದಲು ಬೆಳಕು ನೋಡಿ. ಕಿಟಕಿ ಅವಳ ಹಿಂದಿದೆ, ಹಾಗಾಗಿ ಮುಖದ ಮೇಲೆ ತೆಳು ನೆರಳು. ಬಿಳಿ ಮೇಜುಬಟ್ಟೆಯೂ ಪೂರ್ತಿ ಬಿಳಿಯಲ್ಲ, ನೀಲಿ, ಬೂದು ಇಣುಕುತ್ತವೆ. ಆಮೇಲೆ ಕೈ. ಹಣ್ಣು ಹಿಡಿದಿದ್ದಾಳೆ, ಚಾಕು ಪಕ್ಕದಲ್ಲೇ ಇದೆ, ಆದರೆ ಇನ್ನೂ ಕೊಯ್ದಿಲ್ಲ. ನೋಟ ಮಾತ್ರ ಈಗಲೋ ಆಗಲೋ ಎದ್ದು ಓಡುವವಳದ್ದು, ಅಲ್ವಾ? ಹಣ್ಣಿನಲ್ಲಿ ಗೂಢಾರ್ಥ ಹುಡುಕುವುದು ನನಗಂತೂ ಅತಿ ಅನಿಸುತ್ತದೆ. ಮೂಲ ಚಿತ್ರ ಮಾಸ್ಕೋದ ಟ್ರೆಟ್ಯಾಕೋವ್ ಗ್ಯಾಲರಿಯಲ್ಲಿದೆ.